ಮುಖಪುಟದಲ್ಲಿ ಕಾಣದ ವರ್ಷ

ಇಷ್ಟದ ಮಾಡೆಲ್‌ನ ಬರೀ ಫಾಲೋ ಮಾಡೋ ಬದಲು ವರ್ಷವಾರು ಒಂದು ಟೇಬಲ್ ಹಾಕಿ ನೋಡಿ, ಬೇರೆ ಕಥೆ ಕಾಣುತ್ತೆ. ಉದಾಹರಣೆಗೆ ನಮ್ಮ ಬೆಂಗಳೂರಲ್ಲಿ ಬೆಳೆದ ದೀಪಿಕಾ ಪಡುಕೋಣೆ.

ಮೊದಲು ರಾಷ್ಟ್ರ ಮಟ್ಟದ ಬ್ಯಾಡ್ಮಿಂಟನ್. ಆಮೇಲೆ ಲಿರಿಲ್ ಸೋಪಿನ ಜಾಹೀರಾತು.
2005: ಲ್ಯಾಕ್ಮೆ ಫ್ಯಾಶನ್ ವೀಕ್‌ನಲ್ಲಿ ಮೊದಲ ನಡಿಗೆ.
2006: ಕಿಂಗ್‌ಫಿಶರ್ ಕ್ಯಾಲೆಂಡರ್, ಕನ್ನಡದ ‘ಐಶ್ವರ್ಯ’.
2007: ‘ಓಂ ಶಾಂತಿ ಓಂ’.
2013: ಒಂದೇ ವರ್ಷ ನಾಲ್ಕು ಹಿಟ್ ಸಿನಿಮಾ.
2022: ಲೂಯಿ ವಿಟಾನ್‌ನ ರಾಯಭಾರಿ.

ಈ ಟೇಬಲ್‌ನಲ್ಲಿ 2014 ಇಲ್ಲ. ಆ ವರ್ಷ ಅವರಿಗೆ ಖಿನ್ನತೆ ಇತ್ತು. ಯಾವ ಮುಖಪುಟದಲ್ಲೂ ಅದು ಕಾಣಲಿಲ್ಲ. 2015ರಲ್ಲಿ ಅವರೇ ಟಿವಿಯಲ್ಲಿ ಹೇಳಿದರು, ‘ಲಿವ್ ಲವ್ ಲಾಫ್’ ಸಂಸ್ಥೆ ಕಟ್ಟಿದರು. ನಮ್ಮ ದಾವಣಗೆರೆ ಜಿಲ್ಲೆಯ ಹಳ್ಳಿಗಳಲ್ಲೂ ಅದು ಕೆಲಸ ಮಾಡಿದೆ.

ತಿಪಟೂರು ಹರಾಜಿಗೆ ಬರೋ ಉಂಡೆ ಕೊಬ್ಬರಿ ತಿಂಗಳುಗಟ್ಟಲೆ ಅಟ್ಟದ ಮೇಲೆ ಒಣಗಿರುತ್ತೆ. ಮಾರ್ಕೆಟ್‌ನಲ್ಲಿ ಕಾಣೋದು ಕೊಬ್ಬರಿ ಮಾತ್ರ, ಅಟ್ಟ ಅಲ್ಲ. ಫೋಟೋನೂ ಅಷ್ಟೇ.

ಹಾಗಾಗಿ ರೂಮ್‌ಮೇಟ್‌ನ ಸ್ಟೇಟಸ್ ನೋಡಿ ‘ಆರಾಮಾಗಿದಾನೆ’ ಅಂದುಕೊಳ್ಳೋದು ಬೇಡ. ಒಂದು ಮಾತು ಕೇಳಿ. ನಿಮಗೇ ಭಾರ ಅನ್ನಿಸಿದ್ರೆ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿ. ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡಬಹುದು.