ಶೀಲಕ್ಕೊಂದು ಪೀರಿಯಡ್ಡು ಸಾಕೆ?

ವಿದ್ಯೆಯು ಬದುಕುವ ದಾರಿಯನ್ನು ತೋರಿಸಬೇಕೆಂದು ಹಿರಿಯರು ಹೇಳುವುದನ್ನು ನಾವೆಲ್ಲರೂ ಕೇಳಿದ್ದೇವೆ. ಆ ದಾರಿಯನ್ನು ತರಗತಿಯಲ್ಲಿ ತೋರಿಸುವ ಬಗೆ ಯಾವುದು ಎಂಬಲ್ಲಿಯೇ ತೊಡಕಿರುವುದು. ‘ಜೀವನ ಕೌಶಲ್ಯ’, ‘ಮೌಲ್ಯ ಶಿಕ್ಷಣ’ ಎಂಬ ಮಾತುಗಳು ಈಗ ಎಲ್ಲೆಡೆ ಕೇಳಿಬರುತ್ತಿರುವುದರಿಂದ ನನಗೆ ತೋಚಿದ ನಾಲ್ಕು ಮಾತುಗಳನ್ನು ವಾಚಕರ ಮುಂದಿಡುತ್ತೇನೆ. ನಾನು ಶಿಕ್ಷಣಶಾಸ್ತ್ರವನ್ನು ಓದಿದವನಲ್ಲ. ನಮ್ಮ ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವರಲ್ಲಿ ಮೊದಲಿಗ, ಅಷ್ಟೆ.

ಪಿ.ಯು.ಸಿ.ಯಲ್ಲಿ ನಾನು ಪ್ರಥಮ ದರ್ಜೆಯಲ್ಲಿ ತೇರ್ಗಡೆಯಾದ ವರ್ಷ ನಮ್ಮ ತಂದೆಯವರು ನನ್ನನ್ನು ಬ್ಯಾಂಕಿಗೆ ಕರೆದುಕೊಂಡು ಹೋದರು. ಅವರು ಹೆಬ್ಬೆಟ್ಟು ಒತ್ತುವವರು. ಇನ್ನು ಚೀಟಿ ಬರೆಸಲು ಯಾರ ಮುಖವನ್ನೂ ನೋಡಬೇಕಾಗಿಲ್ಲವೆಂಬ ಹಿಗ್ಗು ಅವರದು. ಹಣ ತೆಗೆಯುವ ಚೀಟಿಯನ್ನು ಹಿಡಿದು ನಾನು ಬೆವರಿದೆ. ಎಲ್ಲಿ ಏನು ಬರೆಯಬೇಕೆಂದು ತಿಳಿಯಲಿಲ್ಲ. ಗುಮಾಸ್ತರನ್ನು ಕೇಳುವ ಧೈರ್ಯವೂ ಬರಲಿಲ್ಲ. ಎರಡು ಚೀಟಿ ಕೆಡಿಸಿದ ಮೇಲೆ, ಪಕ್ಕದಲ್ಲಿ ನಿಂತಿದ್ದ ಎಳನೀರು ವ್ಯಾಪಾರಿಯೊಬ್ಬರು ಬರೆದುಕೊಟ್ಟರು. “ಹೋಗ್ಲಿ ಬಿಡಪ್ಪ, ಇದನ್ನ ನಿಮ್ಗೆ ಹೇಳ್ಕೊಟ್ಟಿರಾಕಿಲ್ಲ” ಎಂದರು ತಂದೆಯವರು. ಗದರಿದ್ದರೆ ಲೇಸಿತ್ತು.

ಹೇಳಿಕೊಡಲೇ ಇಲ್ಲವೆಂದರೆ ಸುಳ್ಳಾದೀತು. ಪ್ರೌಢಶಾಲೆಯಲ್ಲಿ ನಮಗೆ ವಾರಕ್ಕೊಂದು ಮೌಲ್ಯ ಶಿಕ್ಷಣದ ಪೀರಿಯಡ್ಡು ಇದ್ದಿತು. ಬಹುಮಟ್ಟಿಗೆ ಅದನ್ನು ಗಣಿತವು ನುಂಗುತ್ತಿತ್ತು. ಉಳಿದ ದಿನಗಳಲ್ಲಿ ಪ್ರಾಮಾಣಿಕತೆ, ಸಹನೆ, ಸಹಕಾರ ಇವುಗಳ ಲಕ್ಷಣಗಳನ್ನು ಬರೆಸುತ್ತಿದ್ದರು. ಒಂದು ಕಿರುಪರೀಕ್ಷೆಯಲ್ಲಿ ‘ಪ್ರಾಮಾಣಿಕತೆ ಎಂದರೇನು?’ ಎಂಬ ಪ್ರಶ್ನೆಗೆ ನಾನು ಮುಂದಿನ ಬೆಂಚಿನವನ ಹಾಳೆಯನ್ನು ನೋಡಿ ಉತ್ತರ ಬರೆದೆ. ಪೂರ್ಣ ಅಂಕಗಳೂ ಬಂದವು. ಕೇಳಿದವರು ನಗುತ್ತಾರೆ. ಆದರೆ ಅದರಲ್ಲೊಂದು ತಪ್ಪಿದೆಯೆಂದು ಅಂದು ನನಗೆ ಹೊಳೆಯಲೇ ಇಲ್ಲವೆಂಬುದು ನಗುವ ಮಾತಲ್ಲ.

ವಿಶ್ವ ಆರೋಗ್ಯ ಸಂಸ್ಥೆಯು 1990ರ ದಶಕದಲ್ಲಿ 10 ಜೀವನ ಕೌಶಲ್ಯಗಳನ್ನು ಹೆಸರಿಸಿತು. ತನ್ನನ್ನು ತಾನರಿಯುವುದು, ಪರರ ನೋವನ್ನು ಅರಿಯುವುದು, ವಿಮರ್ಶಿಸಿ ಯೋಚಿಸುವುದು, ಮನಸ್ಸಿನ ಮಾತನ್ನು ಸರಿಯಾಗಿ ತಿಳಿಸುವುದು ಮೊದಲಾದವು ಆ ಪಟ್ಟಿಯಲ್ಲಿವೆ. ಇವನ್ನೂ ಬಾಯಿಪಾಠ ಮಾಡಿಸಿದರೆ ನನ್ನ ಕಿರುಪರೀಕ್ಷೆಯ ಗತಿಯೇ ಆದೀತು. ಗಾಂಧೀಜಿಯವರು ಈ ತೊಡಕನ್ನು ಬೇರೆ ಬಗೆಯಲ್ಲಿ ಬಿಡಿಸಹೊರಟಿದ್ದರು. 1937ರ ಅಕ್ಟೋಬರಿನಲ್ಲಿ ವರ್ಧಾದಲ್ಲಿ ಶಿಕ್ಷಣ ಸಮ್ಮೇಳನವು ನಡೆದು, ಡಾ. ಜಾಕಿರ್ ಹುಸೇನರ ಸಮಿತಿಯು ಮೂಲಶಿಕ್ಷಣದ ಯೋಜನೆಯನ್ನು ರೂಪಿಸಿತು. ಅದರಲ್ಲಿ ನೂಲುವುದು ಪಾಠದ ಬಳಿಕದ ಕೈಗೆಲಸವಾಗಿರಲಿಲ್ಲ. ಎಳೆ ಎಣಿಸುವಾಗ ಗಣಿತ, ಹತ್ತಿ ಬೆಳೆಯುವ ನೆಲವನ್ನು ತಿಳಿಯುವಾಗ ಭೂಗೋಳ, ಹೀಗೆ ಕಸುಬಿನೊಳಗೇ ಪಾಠ. ತಕಲಿಯ ಕಾಲವೇನೋ ಹೋಯಿತು. ಯೋಜನೆಯೂ ಎಣಿಸಿದಷ್ಟು ಬೇರೂರಲಿಲ್ಲ. ಆದರೂ ಪಾಠವನ್ನೂ ಬದುಕನ್ನೂ ಬೇರೆ ಬೇರೆ ಪೀರಿಯಡ್ಡುಗಳಿಗೆ ಹಂಚಬಾರದೆಂಬ ಅದರ ತಿರುಳು ಇಂದಿಗೂ ಸಲ್ಲುತ್ತದೆಂದು ನನ್ನ ನಂಬಿಕೆ.

ಹಾಗೆ ನಂಬಲು ನಮ್ಮ ಕಾಲೇಜೇ ಕಾರಣ. ಕಳೆದ ವರ್ಷ ಇತಿಹಾಸದ ತರಗತಿಯಲ್ಲಿ ಅಧ್ಯಾಪಕರು ಕಿತ್ತೂರಿನ ಪಾಠ ಮಾಡುತ್ತ, ರಾಯಣ್ಣನನ್ನು ಗಲ್ಲಿಗೇರಿಸಿದ ಸುದ್ದಿ ಕೇಳಿ ರಾಣಿ ಚೆನ್ನಮ್ಮ ಸೆರೆಯಲ್ಲಿ ಕೊರಗಿ ತೀರಿಕೊಂಡಳೆಂದರು. ಹಿಂದಿನ ಬೆಂಚಿನ ವಿದ್ಯಾರ್ಥಿನಿಯೊಬ್ಬರು ಎದ್ದುನಿಂತು, “ಸಾರ್, ರಾಣಿ ಬೈಲಹೊಂಗಲದಲ್ಲಿ ತೀರಿಕೊಂಡದ್ದು 1829ರಲ್ಲಿ, ನಂದಗಡದಲ್ಲಿ ರಾಯಣ್ಣನನ್ನು ಗಲ್ಲಿಗೇರಿಸಿದ್ದು 1831ರಲ್ಲಿ ಅಲ್ಲವೆ?” ಎಂದರು. ತರಗತಿಯೇ ಉಸಿರು ಬಿಗಿಹಿಡಿಯಿತು. “ನೋಡಿ ಹೇಳುತ್ತೇನೆ, ಕುಳಿತುಕೊಳ್ಳಮ್ಮ” ಎಂದರು ಅಧ್ಯಾಪಕರು. ಮರುದಿನ ಎರಡು ಪುಸ್ತಕಗಳೊಡನೆ ಬಂದು, ಹಾಜರಿ ಕರೆಯುವುದಕ್ಕೂ ಮೊದಲೇ, “ನಿನ್ನೆ ನಾನು ಹೇಳಿದ್ದು ತಪ್ಪು. ಚಿಕ್ಕಂದಿನಲ್ಲಿ ಕೇಳಿದ ಕಥೆಯನ್ನು ಪರೀಕ್ಷಿಸದೆ ಹೇಳಿಬಿಟ್ಟೆ. ಟಿಪ್ಪಣಿ ತಿದ್ದಿಕೊಳ್ಳಿ” ಎಂದರು. ಕೇಳಿದ ಕಥೆಯನ್ನೂ ದಾಖಲೆಯನ್ನೂ ಬೇರ್ಪಡಿಸುವ ಬಗೆ ಹೇಗೆಂಬುದೇ ಆ ದಿನದ ಪಾಠವಾಯಿತು.

ಪ್ರಾಮಾಣಿಕತೆ ಎಂಬ ಶಬ್ದ ಆ ಗಂಟೆಯಲ್ಲಿ ಒಮ್ಮೆಯೂ ಬರಲಿಲ್ಲ. ಪಠ್ಯಭಾಗ ಉಳಿಯಿತೆಂದು ಕೆಲವರು ಗೊಣಗಿದ್ದುಂಟು. ಆ ಚಿಂತೆಯೂ ಸುಳ್ಳಲ್ಲ. ಆದರೆ ಅಂದಿನಿಂದ ತರಗತಿಯಲ್ಲಿ ‘ನನಗೆ ತಿಳಿಯಲಿಲ್ಲ’ ಎಂದು ಹೇಳಲು ನನಗೆ ನಾಚಿಕೆಯಿಲ್ಲ.

ಬಿ.ಎ. ಮುಗಿಸಿ ಬಿ.ಎಡ್. ಸೇರುವ ಆಸೆಯಿದೆ. ಮೇಷ್ಟ್ರಾದ ಮೊದಲ ವಾರದಲ್ಲೇ ಮಕ್ಕಳಿಂದ ಹಣ ತೆಗೆಯುವ ಚೀಟಿಯನ್ನು ಬರೆಸಿ ಬಡ್ಡಿಯ ಲೆಕ್ಕ ಹೇಳಿಕೊಡಬೇಕೆಂದುಕೊಂಡಿದ್ದೇನೆ. ತರಗತಿಗೆಲ್ಲ ಸಾಲುವಷ್ಟು ಚೀಟಿಗಳನ್ನು ಬ್ಯಾಂಕಿನವರು ಕೊಡುತ್ತಾರೋ ಇಲ್ಲವೋ, ಹೋಗಿ ಕೇಳಬೇಕು.