ಅಟ್ಟದಲ್ಲಿ ಕೊಬ್ಬರಿ, ಕಣ್ಣಿಗಿಲ್ಲ ನಿದ್ದೆ

ಪ್ರಶ್ನೆ: ಅಟ್ಟದ ತುಂಬ ಕಾಯಿ ಇದೆ. ಸುಲಿಸಿ ಮಾರೋಣವೆಂದರೆ ರೇಟು ಇನ್ನೂ ಏರಬಹುದು ಅನ್ನಿಸುತ್ತದೆ, ಇಟ್ಟುಕೊಂಡರೆ ಬಿದ್ದುಹೋಗುವ ಭಯ. ಹತ್ತಕ್ಕೆ ಮಲಗಿದರೆ ಹನ್ನೆರಡಾದರೂ ನಿದ್ದೆ ಹತ್ತುವುದಿಲ್ಲ. ಹೇಗೋ ಹತ್ತಿದರೆ ಬೆಳಗಿನ ಜಾವ ಅದೇ ಕನಸು: ಅಟ್ಟ ಹತ್ತಿ ಒಡೆದ ಕಾಯಿಯೆಲ್ಲ ಕೌಟು. ಬೆಳಗಿನ ಜಾವದ ಕನಸು ನಿಜವಾಗುತ್ತದೆ ಅನ್ನುತ್ತಾರೆ ನಮ್ಮತ್ತೆ. ಚಿಂತೆಗೂ ನಿದ್ದೆಗೂ ಕನಸಿಗೂ ಏನು ಸಂಬಂಧ?
– ಓದುಗರೊಬ್ಬರು, ತುರುವೇಕೆರೆ ತಾಲ್ಲೂಕು

ಉತ್ತರ: ಮೊದಲು ನಿಮ್ಮ ಅತ್ತೆಯವರ ಮಾತು. ಬೆಳಗಿನ ಜಾವದ ಕನಸಿನಲ್ಲಿ ಏನೋ ವಿಶೇಷವಿದೆ ಎಂದು ಹಿರಿಯರು ಗುರುತಿಸಿದ್ದು ಸರಿ. ಅದಕ್ಕೆ ಕೊಟ್ಟ ಕಾರಣ ಮಾತ್ರ ಬೇರೆ. 1953ರಲ್ಲಿ ಷಿಕಾಗೊದ ಯೂಜೀನ್ ಅಸೆರಿನ್‌ಸ್ಕಿ ಮತ್ತು ನಥಾನಿಯಲ್ ಕ್ಲೈಟ್‌ಮನ್, ನಿದ್ದೆಯ ಒಂದು ಘಟ್ಟದಲ್ಲಿ ಮುಚ್ಚಿದ ರೆಪ್ಪೆಯ ಕೆಳಗೆ ಕಣ್ಣುಗುಡ್ಡೆ ಸರಸರ ಓಡಾಡುವುದನ್ನು ಕಂಡು ಬರೆದರು. ಆಗ ಎಬ್ಬಿಸಿದರೆ ಮಲಗಿದ್ದವರು ಕನಸು ಬಿತ್ತೆಂದು ಹೇಳುವುದು ಹೆಚ್ಚು. ಇದಕ್ಕೆ ರೆಮ್ ನಿದ್ದೆ ಎಂದು ಹೆಸರಾಯಿತು. ಸುಮಾರು ಒಂದೂವರೆ ಗಂಟೆಗೊಮ್ಮೆ ಅದು ಬರುತ್ತದೆ. ಮೊದಲ ಸಲ ಕೆಲವೇ ನಿಮಿಷ, ರಾತ್ರಿ ಕಳೆದಂತೆ ಉದ್ದವಾಗುತ್ತ ಬೆಳಗಿನ ಜಾವಕ್ಕೆ ಅರ್ಧ ಗಂಟೆಯವರೆಗೂ ಹೋಗಬಹುದು. ಉದ್ದನೆಯ ಕನಸು ಬೀಳುವುದೂ ಆಗಲೇ, ಅದರ ಮಧ್ಯೆ ಎಚ್ಚರವಾಗುವುದೂ ಆಗಲೇ. ಎಚ್ಚರವಾದಾಗ ಬೀಳುತ್ತಿದ್ದ ಕನಸು ನೆನಪಿನಲ್ಲಿ ಉಳಿಯುತ್ತದೆ, ರಾತ್ರಿ ಹನ್ನೊಂದರದು ಅಳಿಸಿಹೋಗುತ್ತದೆ. ಚಿಂತೆಯಿದ್ದವರಿಗೆ ಮತ್ತೆ ಮತ್ತೆ ಎಚ್ಚರವಾಗುವುದರಿಂದ ಕನಸೇ ಹೆಚ್ಚಾಯಿತು ಅನ್ನಿಸುತ್ತದೆ.

ಇನ್ನು ನಿದ್ದೆ ಹತ್ತದಿರುವುದು. ದಿನವಿಡೀ ದುಡಿದ ಮೆದುಳಿನಲ್ಲಿ ಅಡೆನೊಸಿನ್ ಎಂಬ ರಾಸಾಯನಿಕ ಕೂಡಿಕೊಳ್ಳುತ್ತ ಹೋಗುತ್ತದೆ. ಅದು ಹೆಚ್ಚಿದಷ್ಟೂ ಕಣ್ಣು ಎಳೆಯುತ್ತದೆ. ಇದರ ಜೊತೆಗೆ ಹಗಲು ರಾತ್ರಿಯ ಲೆಕ್ಕ ಇಡುವ ದೇಹದ ಗಡಿಯಾರ. ಇವೆರಡೂ ಸೇರಿ ನಿದ್ದೆ ತರುತ್ತವೆ ಎಂಬುದನ್ನು ಸ್ವಿಟ್ಜರ್ಲೆಂಡಿನ ಅಲೆಕ್ಸಾಂಡರ್ ಬೋರ್ಬೆಲಿ 1982ರಲ್ಲಿ ವಿವರಿಸಿದರು. ನಿಮ್ಮ ವಿಷಯದಲ್ಲಿ ಇವೆರಡೂ ಸರಿಯಾಗಿಯೇ ಇರಬಹುದು. ಅಡ್ಡ ಬರುವುದು ಅಪಾಯ ಕಾಯುವ ವ್ಯವಸ್ಥೆ. ತೋಟದ ಮನೆಯ ನಾಯಿ ಒಣಗರಿ ಬಿದ್ದರೂ ಬೊಗಳುವ ಹಾಗೆ, ಚಿಂತೆಯಲ್ಲಿರುವ ಮೆದುಳಿಗೆ ಎಲ್ಲವೂ ಕಳ್ಳನೇ. ಎದೆಬಡಿತ ಏರುತ್ತದೆ, ಮೈ ಬಿಗಿಯುತ್ತದೆ, ನಿದ್ದೆಗೆ ಮುಂಚೆ ಇಳಿಯಬೇಕಾದ ಒಳಗಿನ ಬಿಸಿ ಇಳಿಯುವುದಿಲ್ಲ, ಕಾರ್ಟಿಸಾಲ್ ತಗ್ಗುವುದಿಲ್ಲ. ಮೈಯೆಲ್ಲ ಸುಸ್ತು, ಕಣ್ಣು ಮಾತ್ರ ಪಿಳಿಪಿಳಿ.

ಕೊಬ್ಬರಿ ನಾಡಿನ ಚಿಂತೆಗೆ ಅದರದ್ದೇ ಒಂದು ಗುಣವಿದೆ. ಟೊಮೆಟೊ ಬೆಳೆದವರಿಗೆ ವಾರದಲ್ಲಿ ಹಣೆಬರಹ ಗೊತ್ತಾಗುತ್ತದೆ. ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿಯ ಉಂಡೆ ಕೊಬ್ಬರಿಯಾದರೋ, ಸಿಪ್ಪೆ ಸಮೇತ ಅಟ್ಟದಲ್ಲಿ ಹತ್ತು ಹನ್ನೊಂದು ತಿಂಗಳು ಕೂತು, ನೀರು ಇಂಗಿ, ಅಲ್ಲಾಡಿಸಿದರೆ ಒಳಗಿನ ಉಂಡೆ ಗಡಗಡ ಅಂದ ಮೇಲೇ ಆಗುವುದು. ಅಷ್ಟೂ ಕಾಲ ಒಡೆದು ನೋಡುವಂತಿಲ್ಲ. ಬೆಲೆಯೋ, 2023ರಲ್ಲಿ ತಿಪಟೂರು ಎಪಿಎಂಸಿಯಲ್ಲಿ ಕ್ವಿಂಟಲ್‌ಗೆ 8 ಸಾವಿರದ ಆಸುಪಾಸಿಗೆ ಕುಸಿದಿತ್ತು. 2024ರಲ್ಲಿ ಬೆಂಬಲ ಬೆಲೆ 12,000 ರೂಪಾಯಿ ಎಂದಾಗ, ನಾಫೆಡ್ ಖರೀದಿಗೆ ಹೆಸರು ಬರೆಸಲು ಈ ಭಾಗದಲ್ಲಿ ಜನ ರಾತ್ರಿಯಿಡೀ ಸರತಿಯಲ್ಲಿ ಕಾದರು. ಮರುವರ್ಷ ಅದೇ ಕೊಬ್ಬರಿ 20 ಸಾವಿರ ದಾಟಿತು. ಆಗಲಾದರೂ ಎಲ್ಲರಿಗೂ ನಿದ್ದೆ ಬರಬೇಕಿತ್ತಲ್ಲ? ಮುಂಚೆಯೇ ಮಾರಿದವರು ಮಾರಿಬಿಟ್ಟೆನಲ್ಲ ಎಂದು ಹೊರಳಾಡಿದರು, ಮಾರದವರು ನಾಳೆ ಬಿದ್ದರೆ ಎಂದು. ನನಗನ್ನಿಸುವಂತೆ ನಿದ್ದೆಗೆಡಿಸುವುದರಲ್ಲಿ ನಷ್ಟಕ್ಕಿಂತ ಜೋರು, ಏನಾಗುತ್ತದೋ ಗೊತ್ತಿಲ್ಲ ಎಂಬ ಸ್ಥಿತಿ. ನಷ್ಟವಾದರೆ ಅತ್ತು, ಬೈದು, ಒಂದು ದಿನ ಮಲಗಬಹುದು. ಗೊತ್ತಿಲ್ಲದ್ದಕ್ಕೆ ಮುಗಿತಾಯವೇ ಇಲ್ಲ.

ಇದರ ಮೇಲೆ ರಾತ್ರಿ ಎರಡಕ್ಕೆ ತ್ರೀ ಫೇಸ್ ಕರೆಂಟ್ ಬಂದರೆ ಮೋಟರ್ ಹಾಕಲು ಏಳಬೇಕು. ದಾರಿಯಲ್ಲಿ ಚಿರತೆ ಇದೆಯೋ ಏನೋ. ಈ ರಾತ್ರಿ ಕರೆಂಟಿಗೆ ನನ್ನ ಹತ್ತಿರ ಮದ್ದಿಲ್ಲ, ಬೆಸ್ಕಾಂ ಹತ್ತಿರ ಇದೆ.

‘ಯೋಚನೆ ಮಾಡಬೇಡ, ಸುಮ್ಮನೆ ಮಲಗು’ ಎಂದು ಮನೆಯವರು ಹೇಳಿರುತ್ತಾರೆ. ಇದರಷ್ಟು ಕೆಲಸಕ್ಕೆ ಬಾರದ ಸಲಹೆ ಇನ್ನೊಂದಿಲ್ಲ. ಔಷಧಿ ಕುಡಿಯುವಾಗ ಕೋತಿಯನ್ನು ನೆನೆಯಬೇಡ ಅಂದ ವೈದ್ಯನ ಕತೆ ನಿಮಗೆ ಗೊತ್ತೇ ಇದೆ. ಅಮೆರಿಕದ ಡೇನಿಯಲ್ ವೆಗ್ನರ್ 1987ರಲ್ಲಿ ಇದನ್ನೇ ಬಿಳಿ ಕರಡಿ ಇಟ್ಟುಕೊಂಡು ಪರೀಕ್ಷಿಸಿದರು: ನೆನೆಯಬೇಡಿ ಅಂದಷ್ಟೂ ಅದು ನುಗ್ಗಿತು. 2004ರಲ್ಲಿ ಅವರೂ ಸಂಗಡಿಗರೂ ಮತ್ತೂ ಮುಂದೆ ಹೋದರು. ಮಲಗುವ ಮುಂಚೆ ಒಬ್ಬ ವ್ಯಕ್ತಿಯನ್ನು ನೆನೆಯಬೇಡಿ ಎಂದು ಹೇಳಿಸಿಕೊಂಡವರ ಕನಸಿನಲ್ಲಿ ಆ ವ್ಯಕ್ತಿಯೇ ಹೆಚ್ಚಾಗಿ ಬಂದರು. ಹತ್ತು ಗಂಟೆಗೆ ಬಲವಂತವಾಗಿ ತಳ್ಳಿದ ರೇಟಿನ ಚಿಂತೆ ನಾಲ್ಕು ಗಂಟೆಗೆ ಕೌಟು ಕಾಯಾಗಿ ಬರುವುದು ಹೀಗೆ. ರೆಮ್ ನಿದ್ದೆಯಲ್ಲಿ ಭಯಕ್ಕೆ ಸಂಬಂಧಿಸಿದ ಅಮಿಗ್ಡಾಲ ಚುರುಕಾಗಿರುತ್ತದೆ, ತರ್ಕ ಮಾಡುವ ಹಣೆಯ ಹಿಂಭಾಗದ ಮೆದುಳು ಮಂಕಾಗಿರುತ್ತದೆ. ‘ನಿನ್ನೆ ತಾನೇ ಎರಡು ಕಾಯಿ ಅಲ್ಲಾಡಿಸಿ ನೋಡಿದೆವಲ್ಲ’ ಎಂದು ಹೇಳುವವರು ಆಗ ಒಳಗೆ ಯಾರೂ ಇರುವುದಿಲ್ಲ.

ಕೆಟ್ಟ ಕನಸು ಕೆಟ್ಟದ್ದರ ಸೂಚನೆಯೂ ಅಲ್ಲ. ಪ್ಯಾರಿಸ್‌ನಲ್ಲಿ ವೈದ್ಯಕೀಯ ಪ್ರವೇಶ ಪರೀಕ್ಷೆ ಬರೆದ ವಿದ್ಯಾರ್ಥಿಗಳನ್ನು ಕೇಳಿ ಮಾಡಿದ ಒಂದು ಅಧ್ಯಯನ 2014ರಲ್ಲಿ ಪ್ರಕಟವಾಯಿತು. ಪರೀಕ್ಷೆಯ ಕನಸು ಕಂಡವರಲ್ಲಿ ಹೆಚ್ಚಿನವರಿಗೆ ಬಿದ್ದದ್ದು ತಡವಾಗಿ ಹೋದ, ಉತ್ತರ ಮರೆತ ಕನಸುಗಳೇ. ಆದರೂ ಅಂಥ ಕನಸು ಹೆಚ್ಚಾಗಿ ಕಂಡವರು ಪರೀಕ್ಷೆಯಲ್ಲಿ ಚೆನ್ನಾಗಿಯೇ ಮಾಡಿದ್ದರು. ಇದನ್ನು ನಿಮ್ಮ ಅತ್ತೆಯವರಿಗೂ ಹೇಳಿ.

ಏನು ಮಾಡಬಹುದು? ಚಿಂತೆಯನ್ನು ಓಡಿಸುವ ಬದಲು ಅದಕ್ಕೊಂದು ಹೊತ್ತು ಕೊಡಿ. ಸಂಜೆ ದೀಪ ಹಚ್ಚಿದ ಮೇಲೆ ಲೆಕ್ಕದ ಪುಸ್ತಕ ಹಿಡಿದು ಗಂಡಹೆಂಡಿರು ಒಟ್ಟಿಗೆ ಕೂತು, ಎಷ್ಟು ಕಾಯಿ ಇದೆ, ಯಾವ ಸಾಲಕ್ಕೆ ಎಂದು ಕಟ್ಟಬೇಕು, ಯಾವ ರೇಟಿಗೆ ಅರ್ಧ ಮಾರುವುದು ಎಂದು ಬರೆದಿಡಿ. ಮಲಗುವ ಮುಂಚೆ ಐದು ನಿಮಿಷ ನಾಳೆಯ ಕೆಲಸಗಳ ಪಟ್ಟಿ ಬರೆಯಿರಿ. 2018ರಲ್ಲಿ ಬೇಯ್ಲರ್ ವಿಶ್ವವಿದ್ಯಾಲಯದ ಪ್ರಯೋಗದಲ್ಲಿ ಹೀಗೆ ಬರೆದವರು, ಮುಗಿಸಿದ ಕೆಲಸಗಳನ್ನು ಬರೆದವರಿಗಿಂತ ಸರಾಸರಿ 9 ನಿಮಿಷ ಬೇಗ ನಿದ್ದೆ ಹೋದರು. ರಾತ್ರಿ ಹನ್ನೊಂದಕ್ಕೆ ಮೊಬೈಲಿನಲ್ಲಿ ರೇಟು ನೋಡುವುದನ್ನು ಬಿಡಿ. ಆ ಹೊತ್ತಿಗೆ ಎಪಿಎಂಸಿಯಲ್ಲಿ ಯಾರೂ ಟೆಂಡರ್ ಹಾಕುವುದಿಲ್ಲ. ಟಾರ್ಚು ಹಿಡಿದು ಅಟ್ಟ ಹತ್ತುವುದೂ ಬೇಡ. ಇಪ್ಪತ್ತು ನಿಮಿಷವಾದರೂ ನಿದ್ದೆ ಹತ್ತದಿದ್ದರೆ ಎದ್ದು ಪಡಸಾಲೆಯಲ್ಲಿ ಕೂತು, ಕಣ್ಣು ಎಳೆದಾಗ ಮತ್ತೆ ಹಾಸಿಗೆಗೆ ಬನ್ನಿ. ಹಾಸಿಗೆ ಅಂದರೆ ಹೊರಳಾಟ ಎಂದು ದೇಹ ಕಲಿತುಬಿಟ್ಟಿರುತ್ತದೆ, ಅದನ್ನು ಮರೆಸಬೇಕು. ರಾತ್ರಿ ಹತ್ತದಿದ್ದರೂ ಬೆಳಗ್ಗೆ ಏಳುವ ಹೊತ್ತು ಬದಲಾಗಬಾರದು.

ಮರುಕಳಿಸುವ ಕನಸಿಗೆ ಬೇರೆಯೇ ಒಂದು ಉಪಾಯವಿದೆ. ಹಗಲಿನಲ್ಲಿ ಆ ಕನಸನ್ನೇ ನೆನೆದು ಅದರ ಕತೆ ಬದಲಿಸಿ: ಅಟ್ಟ ಹತ್ತುತ್ತೀರಿ, ಕಾಯಿ ಒಡೆಯುತ್ತೀರಿ, ಬೆಳ್ಳಗಿನ ಉಂಡೆ ಉರುಳಿ ಬರುತ್ತದೆ. ದಿನಕ್ಕೆ ಹತ್ತು ನಿಮಿಷ ಹೀಗೆ ಮನಸ್ಸಿನಲ್ಲೇ ಓಡಿಸಿ. ತೀವ್ರ ಆಘಾತಕ್ಕೆ ಒಳಗಾದವರ ದುಃಸ್ವಪ್ನಗಳನ್ನೂ ಇದು ಕಡಿಮೆ ಮಾಡಿದ್ದನ್ನು ಬ್ಯಾರಿ ಕ್ರಾಕೋ ಎಂಬ ವೈದ್ಯರು 2001ರಲ್ಲಿ ತೋರಿಸಿದ್ದಾರೆ.

ಮನೆಯಲ್ಲಿ ಯಾರಾದರೂ ನಿದ್ದೆಗೆಂದು ಒಂದು ಕ್ವಾರ್ಟರ್ ಹಾಕುವವರಿದ್ದರೆ ಅವರಿಗೂ ಒಂದು ಮಾತು. ಮದ್ಯ ಬೇಗ ಮಲಗಿಸುತ್ತದೆ, ಆದರೆ ಮೊದಲರ್ಧ ರಾತ್ರಿಯ ರೆಮ್ ನಿದ್ದೆಯನ್ನು ಅದುಮಿಡುತ್ತದೆ. ಅಮಲು ಇಳಿದ ಮೇಲೆ ಅದೆಲ್ಲ ಬಡ್ಡಿ ಸಮೇತ ಹೊರಬಂದು ಕನಸು ಇನ್ನಷ್ಟು ಭಯಂಕರವಾಗುತ್ತದೆ.

ವಾರಕ್ಕೆ ಮೂರು ರಾತ್ರಿಯಂತೆ ಮೂರು ತಿಂಗಳು ಹೀಗೇ ನಡೆದಿದ್ದರೆ, ಊಟ ಸೇರದಿದ್ದರೆ, ಬದುಕೇ ಬೇಡ ಅನ್ನಿಸಿದರೆ ತಡಮಾಡಬೇಡಿ. ಮೆಡಿಕಲ್ ಸ್ಟೋರಿನಲ್ಲಿ ನಿದ್ದೆ ಮಾತ್ರೆ ಕೇಳಿ ತರುವುದು ಸಲ್ಲ. ತಾಲ್ಲೂಕು ಆಸ್ಪತ್ರೆಯಲ್ಲಿ ಮನೋವೈದ್ಯರು ಯಾವ ದಿನ ಬರುತ್ತಾರೆಂದು ವಿಚಾರಿಸಿ. ಇಲ್ಲವೇ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಫೋನ್ ಮಾಡಿ. 2022ರ ಅಕ್ಟೋಬರ್‌ನಿಂದ ನಡೆಯುತ್ತಿದೆ, ದುಡ್ಡು ಕೊಡಬೇಕಿಲ್ಲ, ಕನ್ನಡದಲ್ಲೇ ಮಾತಾಡಬಹುದು. ರಾತ್ರಿ ಎರಡಕ್ಕೆ ಮೋಟರ್ ಹಾಕಿ ಬಂದ ಮೇಲೂ ಮಾಡಬಹುದು.