ಅಧ್ಯಯನ ಲೇಖನ: ಅರ್ಜಿಯ ಪರದೆ ಅರ್ಜಿದಾರರಿಗೂ ಅರ್ಥವಾಗಲಿ

ಸಾಮಾಜಿಕ ಭದ್ರತಾ ಯೋಜನೆಗಳ ತಂತ್ರಾಂಶದ ಮುಂದೆ ಇಬ್ಬರಿರುತ್ತಾರೆ: ಕೀಲಿಮಣೆ ಬಳಸುವ ಸಿಬ್ಬಂದಿ ಮತ್ತು ಎದುರು ಕುಳಿತ ಅರ್ಜಿದಾರರು. ಪರದೆಯ ವಿನ್ಯಾಸವು ಇಬ್ಬರಿಗೂ ಸಲ್ಲಬೇಕು.

ಉದಾಹರಣೆಗೆ, 2023ರ ಆಗಸ್ಟ್ 30ರಂದು ಮೈಸೂರಿನಲ್ಲಿ ಉದ್ಘಾಟನೆಗೊಂಡ ಗೃಹಲಕ್ಷ್ಮಿ ಯೋಜನೆಯಡಿ ಕುಟುಂಬದ ಯಜಮಾನಿಗೆ ಮಾಸಿಕ 2,000 ರೂಪಾಯಿ ನೇರ ವರ್ಗಾವಣೆಯಾಗುತ್ತದೆ. ಕುರುಬರಹಳ್ಳಿಯಂತಹ ನಗರ ಬಡಾವಣೆಯವರಿಗೆ ಬೆಂಗಳೂರು ಒನ್, ಗ್ರಾಮಸ್ಥರಿಗೆ ಬಾಪೂಜಿ ಸೇವಾ ಕೇಂದ್ರ ಹಾಗೂ ಗ್ರಾಮ ಒನ್ ನೋಂದಣಿ ಸ್ಥಳಗಳಾಗಿದ್ದವು. ಆಧಾರ್ ಆಧಾರಿತ ಪಾವತಿಯಲ್ಲಿ ಹಣವು ಆಧಾರ್‌ಗೆ ಕೊನೆಯದಾಗಿ ಜೋಡಣೆಯಾದ ಬ್ಯಾಂಕಿನ ಖಾತೆಗೆ ಸೇರುತ್ತದೆ. ಕೈಯಲ್ಲಿರುವ ಪಾಸ್‌ಬುಕ್ ಅದೇ ಖಾತೆಯದಾಗಿರಬೇಕೆಂದಿಲ್ಲ. ಜೋಡಣೆಯೇ ಇಲ್ಲದಿದ್ದರೆ ಪಾವತಿ ವಿಫಲವಾಗುತ್ತದೆ. ಆಗ ಪರದೆಯಲ್ಲಿ ‘ಎನ್‌ಪಿಸಿಐ ಮ್ಯಾಪಿಂಗ್ ವಿಫಲ’ ಎಂದಷ್ಟೇ ಮೂಡಿದರೆ ಆ ಮಹಿಳೆ ಎಲ್ಲಿಗೆ ಹೋಗಬೇಕು? ಬ್ಯಾಂಕಿಗೋ, ಆಧಾರ್ ಕೇಂದ್ರಕ್ಕೋ, ಪಂಚಾಯಿತಿಗೋ? ಪ್ರತಿ ಅಲೆದಾಟಕ್ಕೂ ಒಂದು ದಿನದ ಕೂಲಿ ನಷ್ಟವಾಗುತ್ತದೆ.

ಆದ್ದರಿಂದ ಗಮನಿಸಬೇಕಾದ ಅಂಶಗಳು:

1. ದೋಷ ಸಂದೇಶವು ಕಾರಣ, ಹೋಗಬೇಕಾದ ಸ್ಥಳ, ಒಯ್ಯಬೇಕಾದ ದಾಖಲೆ ಇವು ಮೂರನ್ನೂ ತಿಳಿಸಬೇಕು: ‘ನಿಮ್ಮ ಆಧಾರ್ ಯಾವ ಖಾತೆಗೂ ಜೋಡಣೆಯಾಗಿಲ್ಲ. ಆಧಾರ್ ಮತ್ತು ಪಾಸ್‌ಬುಕ್‌ನೊಂದಿಗೆ ನಿಮ್ಮ ಬ್ಯಾಂಕ್ ಶಾಖೆಗೆ ಹೋಗಿ.’

2. ಈ ಸಂದೇಶವನ್ನು ಮುದ್ರಿಸಿ ಕೊಡುವ ಸೌಲಭ್ಯವಿರಬೇಕು. ಓದಲು ಬಾರದವರೂ ಆ ಚೀಟಿಯನ್ನು ಶಾಖೆಯಲ್ಲಿ ತೋರಿಸಬಹುದು.

3. ‘ಲಕ್ಷ್ಮಮ್ಮ’ ಎಂಬ ಹೆಸರು ಇಂಗ್ಲಿಷಿನಲ್ಲಿ ಹಲವು ಬಗೆಯಾಗುತ್ತದೆ. ಆಧಾರ್ ಹಾಗೂ ಪಡಿತರ ಚೀಟಿಯಲ್ಲಿನ ಹೆಸರುಗಳನ್ನು ಅಕ್ಕಪಕ್ಕದಲ್ಲಿ ತೋರಿಸಿದರೆ ವ್ಯತ್ಯಾಸವು ಅರ್ಜಿ ಸಲ್ಲಿಸುವ ಮೊದಲೇ ಕಾಣುತ್ತದೆ.

ತಂತ್ರಾಂಶವನ್ನು ಬದಲಿಸುವುದು ಗ್ರಾಮ ಪಂಚಾಯಿತಿಯ ಕೈಯಲ್ಲಿಲ್ಲ. ಆದರೆ ಅರ್ಜಿದಾರರಿಗೆ ಅರ್ಥವಾಗದ ಸಂದೇಶಗಳನ್ನು ಯಥಾವತ್ತಾಗಿ ದಾಖಲಿಸಿ, ಸರಳ ಕನ್ನಡದ ಪರ್ಯಾಯದೊಂದಿಗೆ ತಾಲ್ಲೂಕು ಪಂಚಾಯಿತಿಗೆ ಸಲ್ಲಿಸುವುದು ನಮ್ಮಿಂದ ಸಾಧ್ಯ. ಅಲ್ಲಿಯವರೆಗೆ ಆ ಪರ್ಯಾಯವನ್ನು ಕೈಬರಹದಲ್ಲಾದರೂ ಬರೆದುಕೊಡೋಣ.